ಮಂಜು ಕವಿದ ಗೋರಿಯ ಮರುಬಿಡುಗಡೆ

ಮೇವಿಸಕ್ಕ ತೀರಿಕೊಂಡು ಮೂವತ್ತು ವರ್ಷಗಳ ಮೇಲಾಗಿತ್ತು. ಸುದ್ದಿ ಲಂಡನ್ನಿಗೆ ತಲುಪಿತ್ತು, ಜರ್ಮನಿಗೆ ತಲುಪಿತ್ತು, ಜಪಾನಿನಲ್ಲೂ ಯಾರೋ ಅವಳ ಹೆಸರಿನಲ್ಲಿ ಕಪ್ಪು ಮೇಣದಬತ್ತಿ ಹಚ್ಚುತ್ತಿದ್ದರಂತೆ. ನಮ್ಮ ಹಾರ್ತ್‌ವೇಟ್ ಊರಿಗೆ ಮಾತ್ರ ತಲುಪಿರಲಿಲ್ಲ. ಹಾಗಾಗಿ ಅವಳು ಗುರುವಾರ ಬಸ್ಸು ಹತ್ತಿ ಹ್ಯಾಲಿಫ್ಯಾಕ್ಸಿನ ಮಾರುಕಟ್ಟೆಗೆ ಹೋಗಿಬರುತ್ತಿದ್ದಳು, ಶನಿವಾರ ಚರ್ಚಿನ ಹೂದಾನಿಗಳ ನೀರು ಬದಲಿಸುತ್ತಿದ್ದಳು, ಭಾನುವಾರ ಮೂರನೆಯ ಬೆಂಚಿನಲ್ಲಿ ಕೂತು ಗಾಯನವೃಂದಕ್ಕಿಂತ ಅರ್ಧ ಸಾಲು ಮುಂದೆ ಓಡುತ್ತ ಕೀರ್ತನೆ ಹಾಡುತ್ತಿದ್ದಳು. ಸತ್ತವರು ಇಷ್ಟೆಲ್ಲ ಮಾಡುವುದು ಸುವಾರ್ತೆಯ ಹೊರಗೆ ಅಪರೂಪ.

ನಾನು ಹ್ಯೂಬರ್ಟ್, ಈ ಚರ್ಚಿನ ಪರಿಚಾರಕ. ಬಾಗಿಲು ತೆಗೆಯುವುದು, ಗಂಟೆ ಹೊಡೆಯುವುದು, ಪಾದ್ರಿಗಳು ಮರೆತ ಕನ್ನಡಕ ಹುಡುಕಿಕೊಡುವುದು ನನ್ನ ಕೆಲಸ. ಪಾದ್ರಿಗಳು ಬದಲಾಗುತ್ತಾರೆ, ಬೀಗದ ಕೈ ನನ್ನ ಹತ್ತಿರವೇ ಉಳಿದಿದೆ. ದೇವರು ಮನುಷ್ಯರನ್ನು ಯಾವ ಯಾವ ಬಾಗಿಲಿನಿಂದ ಒಳಗೆ ಕರೆಯುತ್ತಾನೆ ಎಂಬುದನ್ನು ನೋಡುತ್ತ ನಿಲ್ಲುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ನೈಜೆಲ್ ಮೇವಿಸಕ್ಕನ ಒಬ್ಬನೇ ಮಗ. ಗುಂಡುಗುಂಡಗೆ, ಯಾರು ಕೈ ಚಾಚಿದರೂ ನಕ್ಕುಕೊಂಡು ಬರುತ್ತಿದ್ದ ಮಗು. ಆ ಮಗು ಬೆಳೆದು, ಲೀಡ್ಸಿಗೆ ಹೋಗಿ, ಮುಖಕ್ಕೆ ಸುಣ್ಣದಂಥ ಬಿಳಿ ಬಳಿದುಕೊಂಡು, ಕೂದಲನ್ನು ಮುಳ್ಳಿನ ಪೊದೆಯಂತೆ ನಿಲ್ಲಿಸಿಕೊಂಡು, ಲೂಸಿಯನ್ ಮೋರ್ ಎಂಬ ಹೆಸರಿನಲ್ಲಿ ಹಾಡುಗಾರನಾಯಿತು. ತಂಡದ ಹೆಸರು ‘ಬೂದಿ ಮುಸುಕು’. ಮೂವರು ಮನುಷ್ಯರು, ತಾಳ ಹಾಕಲು ಒಂದು ಯಂತ್ರ. ಮೂವರ ನಡುವೆ ಮಾತು ಬಿಟ್ಟುಹೋದ ದಿನಗಳಲ್ಲಿ ಯಂತ್ರವೊಂದೇ ಎಲ್ಲರ ಜೊತೆ ಚೆನ್ನಾಗಿತ್ತು.

ಎಂಬತ್ತಾರನೆಯ ಇಸವಿಯಲ್ಲಿ ಅವರ ಆಲ್ಬಮ್ ಬಂತು: ‘ಮಂಜು ಕವಿದ ಗೋರಿ’. ಅದರ ಆರ್ಗನ್ ಭಾಗವನ್ನು ನಮ್ಮ ಚರ್ಚಿನಲ್ಲೇ ಧ್ವನಿಮುದ್ರಿಸಿದರು. ನಾಟಕದವರು ಬಳಸುವ ಹೊಗೆಯ ಯಂತ್ರ ತಂದಿದ್ದರು. ಕಿವಿಯಲ್ಲಿ ಕೇಳುವ ಹಾಡಿಗೆ ಹೊಗೆ ಯಾಕಪ್ಪ ಎಂದು ಕೇಳಿದ್ದಕ್ಕೆ, “ಮನಸ್ಸಿಗೆ” ಎಂದರು. ಕಿಟಕಿಯಿಂದ ಹೊಗೆ ಬರುವುದನ್ನು ಕಂಡ ಮೇವಿಸಕ್ಕ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದಳು. ಮೂರನೆಯ ಹಾಡಿನ ಕೊನೆಯಲ್ಲಿ ದೂರದಿಂದ ಕೇಳುವ ಆ ಭಯಾನಕ ಕೂಗು ಅದೇ ಬಂಡಿಯದು.

ಆಗ ಆಲ್ಬಮ್ಮನ್ನು ಕೊಂಡವರು ಕಡಿಮೆ. ಮೇವಿಸಕ್ಕ ಒಂದು ಕೊಂಡು, ಒಮ್ಮೆ ಹಾಕಿ ಕೇಳಿ, ಪಿಂಗಾಣಿ ತಟ್ಟೆಗಳ ಪಕ್ಕದಲ್ಲಿ ನಿಲ್ಲಿಸಿದಳು. “ಏನು ಹೇಳ್ತಾನೋ ಒಂದೂ ತಿಳಿಯಲ್ಲ ಹ್ಯೂಬರ್ಟ್. ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಕೊಂಡು ಹಾಡ್ತಾನೆ. ಆದ್ರೆ ಫೋಟೋದಲ್ಲಿ ಕೋಟು ಚೆನ್ನಾಗಿ ಇಸ್ತ್ರಿಯಾಗಿ ಕಾಣುತ್ತೆ, ಅಲ್ವಾ?” ಇಸ್ತ್ರಿ ಮಾಡಿದವಳು ಅವಳೇ. ತಂಡ ಮುರಿಯಿತು. ನೈಜೆಲ್ ಸ್ನಾನದ ಮನೆಯ ಟೈಲ್ಸ್ ಮಾರುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಕಪ್ಪು ಬಟ್ಟೆ ಮಾತ್ರ ಬಿಡಲಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಅಮ್ಮನ ಮನೆಗೆ ಬಂದು ಹುರಿದ ಮಾಂಸ, ಗೊಜ್ಜು ತಿಂದು, ಒಗೆಯುವ ಬಟ್ಟೆ ಕೊಟ್ಟು ಹೋಗುತ್ತಿದ್ದ. ಚರ್ಚಿಗೆ ಮಾತ್ರ ಕಾಲಿಡುತ್ತಿರಲಿಲ್ಲ.

ಆಲ್ಬಮ್ಮಿನ ಹಣೆಬರಹ ಮಾತ್ರ ಬೇರೆ ಇತ್ತು. ವರ್ಷಗಳು ಕಳೆದಂತೆ ಅದು ಕೈಯಿಂದ ಕೈಗೆ, ದೇಶದಿಂದ ದೇಶಕ್ಕೆ ಹೋಗಿ, ಭಕ್ತರನ್ನು ಸಂಪಾದಿಸಿತು. ಆ ಭಕ್ತರು ನಮ್ಮ ಬೆಟ್ಟ ಹತ್ತಿ ಬರತೊಡಗಿದರು. ಬಂದವರು ಚರ್ಚಿನೊಳಗೆ ಇಣುಕದೆ ನೇರ ಗೋರಿಗಳ ನಡುವೆ ಹೋಗಿ, ಆಗ್ನೆಸ್ ಸಗ್ಡನ್ ಎಂಬವಳ ಕಲ್ಲಿನ ಮುಂದೆ ತಲೆ ಬಗ್ಗಿಸಿ ನಿಂತು, ಗುಲಾಬಿ ಇಟ್ಟು ಹೋಗುತ್ತಿದ್ದರು.

ಆಗ್ನೆಸ್ ಮೇವಿಸಕ್ಕನ ವಾರಗಿತ್ತಿ. ಅವರಿಬ್ಬರೂ ಒಂದೇ ಅಡುಗೆಮನೆಯಲ್ಲಿ ಬಾಳಿದ ಎರಡು ವರ್ಷಗಳ ಬಗ್ಗೆ ಊರಿನಲ್ಲಿ ಇವತ್ತಿಗೂ ಯಾರೂ ಮೇವಿಸಕ್ಕನ ಎದುರಿಗೆ ಮಾತಾಡುವುದಿಲ್ಲ. ಆಗ್ನೆಸ್ ವಯಸ್ಸಾಗುವ ಮುನ್ನವೇ ಹೋದಳು. ಮಕ್ಕಳು ಕಲ್ಲಿನ ಮೇಲೆ ‘ಪ್ರೀತಿಯ ತಾಯಿ’ ಎಂದು ಕೆತ್ತಿಸಿ ಕೆನಡಾಕ್ಕೆ ಹೋಗಿಬಿಟ್ಟರು.

“ಆಗ್ನೆಸ್‌ಗೆ ಗುಲಾಬಿ!” ಎಂದು ಮೇವಿಸಕ್ಕ ಉರಿಯುತ್ತಿದ್ದಳು. “ಬದುಕಿದ್ದಾಗ ನಾಯೀನೂ ಹತ್ರ ಬರ್ತಿರಲಿಲ್ಲ. ಜರ್ಮನಿಯಲ್ಲಿ ಇವಳಿಗೆ ಯಾರಿದ್ರು ಅಂತ?”

ಜರ್ಮನಿಯಿಂದ ವರ್ಷವರ್ಷವೂ ಬರುತ್ತಿದ್ದವಳು ಹೈಕೆ. ದೊಡ್ಡ ಆಳು, ಮೈತುಂಬ ಕಪ್ಪು ಲೇಸು, ದನಿ ಮಾತ್ರ ಪಾರಿವಾಳದ್ದು. ಹಲ್ಲುಜ್ಜುವ ಬ್ರಷ್ಷಿನಲ್ಲಿ ಆ ಕಲ್ಲಿನ ಪಾಚಿ ತಿಕ್ಕುತ್ತಿದ್ದಳು. ಅವಳ ಶ್ರದ್ಧೆ ನೋಡಿ ಮೇವಿಸಕ್ಕನಿಗೆ ಹೊಟ್ಟೆಯುರಿ, ಜೊತೆಗೆ ಪ್ರೀತಿ. ಚಹಾ ಕೊಟ್ಟು, ಶುಂಠಿಯ ಪಾರ್ಕಿನ್ ಕೇಕು ತಿನ್ನಿಸಿ, “ಆಗ್ನೆಸ್ ಒಳ್ಳೆಯವಳಲ್ಲಮ್ಮ, ನಿನಗೆ ಗೊತ್ತಿಲ್ಲ” ಎನ್ನುವಳು. ಹೈಕೆ ಕಣ್ಣು ತುಂಬಿಕೊಂಡು, “ಸತ್ತವರ ಬಗ್ಗೆ ಹಾಗನ್ನಬಾರದು ಅಜ್ಜಿ” ಎನ್ನುವಳು. ಒಬ್ಬರ ಪೂರ್ತಿ ಹೆಸರನ್ನು ಇನ್ನೊಬ್ಬರು ಕೇಳಿರಲಿಲ್ಲ.

ಹೀಗಿರುವಾಗ ಒಂದು ಮಾರ್ಚಿನಲ್ಲಿ, ಈಸ್ಟರಿಗೆ ಮುಂಚಿನ ತಪಸ್ಸಿನ ದಿನಗಳ ನಡುವೆ, ನೈಜೆಲ್ ನನ್ನನ್ನು ಹುಡುಕಿಕೊಂಡು ಚರ್ಚಿನ ಪಕ್ಕದ ಕೋಣೆಗೆ ಬಂದ. ಐವತ್ತೇಳು ವರ್ಷ, ಕಪ್ಪು ಕನ್ನಡಕ, ನೆಲ ಗುಡಿಸುವ ಕೋಟು.

“ಹ್ಯೂಬರ್ಟ್ ಮಾಮ, ನಮ್ಮ ಆಲ್ಬಮ್ ಮತ್ತೆ ಬಿಡುಗಡೆ ಮಾಡ್ತಾರಂತೆ. ಲಂಡನ್ ಕಂಪನಿ. ದೊಡ್ಡ ಪೆಟ್ಟಿಗೆ, ಒಳಗೆ ಪುಸ್ತಿಕೆ, ಹೊಸ ಫೋಟೋ ಎಲ್ಲ.”

“ಒಳ್ಳೇದಾಯ್ತಲ್ಲೋ! ಅಮ್ಮಂಗೆ ಹೇಳಿದ್ಯಾ?”

“ಅದಕ್ಕೇ ಬಂದೆ. ಬರೋ ಭಾನುವಾರ ಇಲ್ಲಿ ಫೋಟೋ ತೆಗೀತಾರೆ. ಅಮ್ಮ ಅವತ್ತು ಚರ್ಚಿಗೆ ಬರಬಾರದು.”

“ಬರೋ ಭಾನುವಾರ ತಾಯಂದಿರ ಭಾನುವಾರ ಕಣೋ. ಅವತ್ತು ತಾಯೀನೇ ಬರಬಾರದಾ? ಯಾಕೆ?”

ನೈಜೆಲ್ ಕೋಟಿನ ಗುಂಡಿ ತಿರುವಿದ. “ಅವಳು ಸತ್ತಿದ್ದಾಳೆ ಮಾಮ.”

ನಾನು ಶಿಲುಬೆಯ ಗುರುತು ಮಾಡಿಕೊಂಡೆ. “ದೇವರೇ! ಯಾವಾಗ? ಈಗತಾನೆ ಹೂದಾನಿ ವಿಷಯಕ್ಕೆ ನನ್ನ ಹತ್ರ ಜಗಳ ಆಡಿ ಹೋದ್ಲಲ್ಲೋ!”

“ಎಂಬತ್ತಾರರಲ್ಲಿ.”

ಆಮೇಲೆ ಎಲ್ಲ ಬಿಚ್ಚಿ ಹೇಳಿದ. ಆಲ್ಬಮ್ ಬಂದಾಗ ಲಂಡನ್ನಿನ ಒಂದು ಸಂಗೀತ ಪತ್ರಿಕೆಯವನು ಕೇಳಿದನಂತೆ: ನಿಮ್ಮ ಹಾಡಿನೊಳಗಿನ ಈ ಕತ್ತಲು ಎಲ್ಲಿಂದ ಬಂತು? ಉತ್ತರ ಹೊಳೆಯಲಿಲ್ಲ. ಬಾಯಿಗೆ ಬಂದದ್ದು ಹೇಳಿದ: ತನಗೆ ಏಳು ವರ್ಷವಿದ್ದಾಗ ತಾಯಿ ಕ್ಷಯದಿಂದ ತೀರಿಕೊಂಡಳು, ಬೆಟ್ಟದ ಮೇಲಿನ ಅವಳ ಗೋರಿಯ ಕಲ್ಲಪ್ಪಿಕೊಂಡು ಮಂಜಿನಲ್ಲಿ ಮಲಗುತ್ತಿದ್ದೆ. ಪತ್ರಿಕೆ ಅದನ್ನೇ ದೊಡ್ಡ ಅಕ್ಷರದಲ್ಲಿ ಹಾಕಿತು. ಆಮೇಲೆ ಯಾರು ಕೇಳಿದರೂ ಅದೇ ಕಥೆ. ಪ್ರತಿ ಸಲ ಮಂಜು ಸ್ವಲ್ಪ ದಟ್ಟವಾಯಿತು.

“ಹಾಗಾದ್ರೆ ಆ ಜರ್ಮನ್ ಹುಡುಗಿ ತಿಕ್ಕೋದು…”

“ಆಗ್ನೆಸ್ ದೊಡ್ಡಮ್ಮನ ಕಲ್ಲು. ನಮ್ಮ ಮನೆತನದ ಹೆಸರು ಹೇಗೋ ಗೊತ್ತಾಗಿದೆ, ಬಂದು ಹುಡುಕ್ಕೊಂಡಿದ್ದಾರೆ. ನಾನೇನೂ ತೋರಿಸಲಿಲ್ಲ ಮಾಮ.”

“ಅಲ್ಲ ಅಂತಾನೂ ಹೇಳಲಿಲ್ಲ.”

“ಇಲ್ಲ.” ಕನ್ನಡಕ ತೆಗೆದ. ಕಣ್ಣು ಮೇವಿಸಕ್ಕನವೇ. “ಅವಳಿಗೆ ಗೊತ್ತಾಗಬಾರದು ಮಾಮ. ಪ್ರತಿ ಭಾನುವಾರ ನನಗೆ ಊಟ ಬಡಿಸ್ತಾಳೆ. ತಟ್ಟೆ ಮುಂದೆ ಕೂತು, ಅಮ್ಮ, ನಿನ್ನ ಮೂವತ್ತು ವರ್ಷದಿಂದ ಸಾಯಿಸ್ಕೊಂಡು ಬಂದಿದ್ದೀನಿ ಅಂತ ಹೇಗೆ ಹೇಳ್ಲಿ?”

“ಸುಳ್ಳು ಹೇಳಲ್ಲಪ್ಪ ನಾನು” ಎಂದೆ. “ಬಾಯಿ ಮುಚ್ಕೊಂಡಿರ್ತೀನಿ, ಅಷ್ಟೇ. ಆದ್ರೆ ಅವಳನ್ನ ತಡೆಯೋದು ನನ್ನಿಂದ ಆಗಲ್ಲ. ಆ ದಿನದ ಹೂಗೊಂಚಲು ಕಟ್ಟೋದೇ ಅವಳು. ನೀನು ಪ್ರಾರ್ಥನೆ ಮುಗಿದು, ಹೆಂಗಸರು ಸಭಾಂಗಣದಲ್ಲಿ ಕೇಕು ತಿನ್ನೋಕೆ ಕೂತ ಮೇಲೆ ಬಾ. ಗೋರಿ ಎಲ್ಲಿಗೂ ಓಡಿಹೋಗಲ್ಲ.”

“ಹಾಗೇ ಮಾಡ್ತೀನಿ” ಎಂದು ಹೋದ. ಹೋಗುವಾಗ ಕೋಟು ಬಾಗಿಲಿಗೆ ಸಿಕ್ಕಿಕೊಂಡಿತು. ನಾನೇ ಬಿಡಿಸಿಕೊಟ್ಟೆ.

ನಮ್ಮಲ್ಲಿ ತಾಯಂದಿರ ಭಾನುವಾರಕ್ಕೊಂದು ಪದ್ಧತಿಯಿದೆ. ಹಳದಿ ಡ್ಯಾಫೊಡಿಲ್ ಹೂಗಳ ಪುಟ್ಟ ಗೊಂಚಲುಗಳನ್ನು ಪ್ರಾರ್ಥನೆಯ ನಡುವೆ ಎಲ್ಲರಿಗೂ ಕೊಡುತ್ತಾರೆ. ತಾಯಿ ಇರುವವರು ತಾಯಿ ಕೂತ ಬೆಂಚಿಗೆ ಹೋಗಿ ಅವಳ ಕೈಗಿಡುತ್ತಾರೆ. ಇಲ್ಲದವರು ಬಲಿಪೀಠದ ಮೆಟ್ಟಿಲಿಗೆ ಹೋಗಿ, ತಾಯಿಯ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಿ, ಹೂವನ್ನು ಅಲ್ಲಿಡುತ್ತಾರೆ. ನನಗೆ ವರ್ಷದ ಹಬ್ಬಗಳಲ್ಲೆಲ್ಲ ಇದೇ ಹೆಚ್ಚು. ಮುದುಕರು ತಮ್ಮ ತಾಯಿಯ ಹೆಸರು ಹೇಳುವಾಗ ಮುಖ ಒಂದು ಕ್ಷಣ ಎಳೆಯದಾಗುತ್ತದೆ.

ಭಾನುವಾರ ಗಂಟೆ ಹೊಡೆದು ಕೆಳಗಿಳಿದು ನೋಡಿದರೆ, ಕಪ್ಪು ಬಟ್ಟೆಯ ಜನ ಬೆಟ್ಟ ಹತ್ತಿ ಬರುತ್ತಿದ್ದಾರೆ. ಕಪ್ಪು ಕೊಡೆ, ಕಪ್ಪು ಟೊಪ್ಪಿ, ಕಪ್ಪು ಉಗುರು. ಹೆಚ್ಚಿನವರಿಗೆ ಐವತ್ತು ದಾಟಿತ್ತು. ಮೆಟ್ಟಿಲಿನಲ್ಲಿ ನಿಂತು ಮೊಣಕಾಲು ನೀವಿಕೊಂಡರು. ಮುಂದೆ ಲಂಡನ್ ಕಂಪನಿಯ ಟಾರ್ಕ್ವಿನ್, ತೆಳ್ಳಗೆ, ಹಳದಿ ಬೂಟು. ಅವನ ಕೈಯಲ್ಲಿ ನೈಜೆಲನ ತೋಳು, ಪೊಲೀಸರು ಹಿಡಿದ ಹಾಗೆ.

“ಹೊರಗೆ ಕಾಯೋಣ” ಎಂದು ನೈಜೆಲ್ ಅನ್ನುತ್ತಿದ್ದ.

“ಹೊರಗೆ ಗಾಳಿ ನೋಡಿ ಸರ್, ಇವರೆಲ್ಲ ಸತ್ತೇಹೋಗ್ತಾರೆ” ಎಂದ ಟಾರ್ಕ್ವಿನ್. “ಅಲ್ಲದೆ ಒಳಗೆ ಅದೇನೋ ತೀರಿಹೋದ ತಾಯಂದಿರಿಗೆ ಹೂವು ಇಡ್ತಾರಂತಲ್ಲ. ಬೇಕು ಅಂದ್ರೂ ಸಿಗುತ್ತಾ ಸರ್ ಇಂಥದ್ದು?”

ನಮ್ಮ ಪಾದ್ರಿಯಮ್ಮ ಫಿಲಿಪ್ಪಾ ಬಾಗಿಲಲ್ಲಿ ನಿಂತು ಸಂತೋಷದಿಂದ ಕೆಂಪಾಗಿದ್ದರು. “ಹ್ಯೂಬರ್ಟ್, ಇಷ್ಟು ಜನ ಈಸ್ಟರಿಗೂ ಬರಲ್ಲ. ಯಾರು ಇವರೆಲ್ಲ?”

“ದುಃಖದಲ್ಲಿರೋರು ಅಮ್ಮ” ಎಂದೆ. ಅದು ಸುಳ್ಳಲ್ಲ.

ಅವರೆಲ್ಲ ಹಿಂದಿನ ಬೆಂಚುಗಳಲ್ಲಿ ತುಂಬಿಕೊಂಡರು. ಮೇವಿಸಕ್ಕ ಕಿವಿಯ ಯಂತ್ರ ಸರಿಮಾಡಿಕೊಳ್ಳುತ್ತ ಹಿಂತಿರುಗಿ ನೋಡಿದಳು. ಮಗನನ್ನು ಕಂಡಳು. ಮುಖದಲ್ಲಿ ಮೂಡಿದ ಬೆಳಕನ್ನು ನಾನು ಕಂಬದ ಪಕ್ಕದಿಂದ ನೋಡಿದೆ, ನೋಡಬಾರದಿತ್ತು ಅನ್ನಿಸಿತು. ಪಕ್ಕದವಳನ್ನು ಮೊಣಕೈಯಲ್ಲಿ ತಿವಿದು, ತಾನು ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು, ಇಡೀ ಚರ್ಚಿಗೆ ಕೇಳುವಂತೆ ಹೇಳಿದಳು: “ನೋಡೇ, ನಮ್ಮ ಹುಡುಗ! ನಾನು ಕರೀಲೇ ಇಲ್ಲ, ತಾನಾಗೇ ಬಂದಿದ್ದಾನೆ.” ಕೈಚೀಲ ಎತ್ತಿ ಮಡಿಲಿಗಿಟ್ಟುಕೊಂಡು ಪಕ್ಕದಲ್ಲಿ ಜಾಗ ಮಾಡಿದಳು. ಬೆಂಚನ್ನು ಕೈಯಿಂದ ಒರೆಸಿದಳು.

ಹಿಂದಿನವರಿಗೆ ಮುದುಕಿಯೊಬ್ಬಳಿಗೆ ಯಾರೋ ಹುಡುಗ ಬಂದಿದ್ದಾನೆ ಎಂದಷ್ಟೇ ಗೊತ್ತಾಯಿತು. ನೈಜೆಲ್ ಪ್ರಾರ್ಥನೆಯ ಪುಸ್ತಕದೊಳಗೆ ಮುಖ ಹುದುಗಿಸಿದ. ಪುಸ್ತಕ ತಲೆಕೆಳಗಾಗಿತ್ತು.

ಹೂಗೊಂಚಲಿನ ಬುಟ್ಟಿ ಬಂತು. ಊರಿನವರು ಎದ್ದು ತಮ್ಮ ತಮ್ಮ ತಾಯಂದಿರ ಕಡೆ ಹೋದರು. ಉಳಿದವರು ಮೆಟ್ಟಿಲಿನ ಕಡೆ ಸಾಲು ನಿಂತರು. ಹೈಕೆ ಮುಂದೆ ಹೋಗಿ, “ಇಲ್ಜೆ” ಎಂದು ತನ್ನ ತಾಯಿಯ ಹೆಸರು ಹೇಳಿ ಹೂವಿಟ್ಟು, ಬಿಕ್ಕಿದಳು. ಟಾರ್ಕ್ವಿನ್ ಹಿಂದಿನಿಂದ ನೈಜೆಲನನ್ನು ಮೆಲ್ಲಗೆ ತಳ್ಳಿದ. ಆರಡಿಯ ಕತ್ತಲ ದೊರೆ, ಕೈಯಲ್ಲಿ ಹಳದಿ ಹೂ ಹಿಡಿದು, ನಡುದಾರಿಯಲ್ಲಿ ಬಂದ. ಮೂರನೆಯ ಬೆಂಚು ಬಂತು. ಮೇವಿಸಕ್ಕ ಕೈ ಚಾಚಿದಳು.

ಅವನು ದಾಟಿಹೋದ.

ಚಾಚಿದ ಕೈಯನ್ನು ಅವಳು ನಿಧಾನವಾಗಿ ಕೈಚೀಲದ ಮೇಲೆ ಇಟ್ಟುಕೊಂಡಳು, ಸುಮ್ಮನೆ ಕೈ ಆಡಿಸಿದವಳ ಹಾಗೆ. ಕರ್ತನೇ, ಆ ಹುಡುಗನ ನಾಲಗೆಯನ್ನು ಹಿಡಿ, ಇಲ್ಲವೇ ಬಿಡು, ಯಾವುದಾದರೂ ಒಂದು ಬೇಗ ಮಾಡು ಎಂದು ಬೇಡಿಕೊಂಡೆ.

ನೈಜೆಲ್ ಮೆಟ್ಟಿಲ ಬಳಿ ನಿಂತ. ಪಾದ್ರಿಯಮ್ಮ ನಗುಮುಖದಿಂದ ಕಾದರು. ಫೋಟೋದವನು ಕ್ಯಾಮೆರಾ ಎತ್ತಿದ. ನೈಜೆಲ್ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

“ತಾಯಿಯ ಹೆಸರು ಹೇಳಪ್ಪ” ಎಂದರು ಪಾದ್ರಿಯಮ್ಮ ಮೆಲ್ಲಗೆ.

“ಮೇವಿಸ್” ಎಂದ ಅವನು. ಹೇಳಿ, ತಾನು ಏನು ಹೇಳಿದೆ ಎಂದು ತನಗೇ ಕೇಳಿಸಿದವನಂತೆ ಬೆಚ್ಚಿ, ಬಗ್ಗಿದವನು ಹೂವನ್ನು ಇಡದೆ ನೆಟ್ಟಗಾಗಿ, ತಿರುಗಿ, ದುಡುದುಡು ಮೂರನೆಯ ಬೆಂಚಿಗೆ ಬಂದು ಮಂಡಿಯೂರಿಬಿಟ್ಟ. “ಅಮ್ಮಾ, ತಗೋ.”

“ದಾರಿ ತಪ್ಪಿದ್ಯಾ?” ಎಂದಳು ಮೇವಿಸಕ್ಕ ಹೂ ತೆಗೆದುಕೊಂಡು. “ಆ ಕರೀ ಕನ್ನಡಕ ಹಾಕ್ಕೊಂಡು ಎದುರಿಗಿರೋ ತಾಯಿ ಕಾಣಲ್ಲ ಅಂತ ಎಷ್ಟು ಸಲ ಬಡ್ಕೊಳ್ಳೋದು ನಿಂಗೆ?”

ಹಿಂದೆ ಯಾರದೋ ಕೊಡೆ ದಡಾರನೆ ಬಿತ್ತು. ಹೈಕೆ ಎದ್ದು ನಿಂತು, ಬೆಂಚು ಹಿಡಿದುಕೊಂಡು, ಮೇವಿಸಕ್ಕನನ್ನೂ ನೈಜೆಲನನ್ನೂ, ಇಬ್ಬರ ಮೂಗನ್ನೂ, ಒಂದಕ್ಕೊಂದು ಹೋಲಿಸಿ ನೋಡುತ್ತಿದ್ದಳು. ಟಾರ್ಕ್ವಿನ್ ನನ್ನ ತೋಳು ಹಿಡಿದ. “ಯಾರ್ರೀ ಆ ಅಜ್ಜಿ?”

“ಪೆಟ್ಟಿಗೆಯೊಳಗಿನ ಪುಸ್ತಿಕೆಯಲ್ಲಿ ನೀವು ಯಾರನ್ನ ಹೂಳಿದ್ದೀರೋ ಅವಳೇ” ಎಂದೆ. ಬಾಯಿ ಮುಚ್ಚಿಕೊಳ್ಳುವ ಹರಕೆ ಅಲ್ಲಿಗೆ ತೀರಿತ್ತು.

ಉಳಿದದ್ದು ನಡೆದದ್ದು ಹೊರಗೆ, ಚರ್ಚಿನ ದಕ್ಷಿಣದ ಗೋಡೆಗೆ ತಾಗಿದ ಕಲ್ಲುಬೆಂಚಿನಲ್ಲಿ. ನೈಜೆಲ್ ಎದುರಿಗೆ ನಿಂತು, ಯಾವುದನ್ನೂ ಮುಚ್ಚಿಡದೆ ಹೇಳಿದ. ಕಪ್ಪು ಬಟ್ಟೆಯವರು ಅರ್ಧ ವರ್ತುಲವಾಗಿ ನಿಂತು ಕೇಳಿದರು. ಮೇವಿಸಕ್ಕ ಪೂರ್ತಿ ಕೇಳಿ, ಕಿವಿಯ ಯಂತ್ರವನ್ನು ಮತ್ತೊಮ್ಮೆ ಸರಿಮಾಡಿಕೊಂಡಳು.

“ಏನಾಗಿತ್ತು ನಂಗೆ?”

“ಕ್ಷಯ.”

“ವಯಸ್ಸೆಷ್ಟು?”

“ಇಪ್ಪತ್ತೊಂಬತ್ತು.”

“ನಾನು ಚೆನ್ನಾಗಿದ್ನಾ ನೋಡೋಕೆ?”

“ತುಂಬಾ ಅಮ್ಮ. ಬೆಳ್ಳಗೆ, ಉದ್ದ ಕೂದಲು.”

“ಹೂಂ.” ಅಷ್ಟರಮಟ್ಟಿಗೆ ಅವಳಿಗೆ ಒಪ್ಪಿಗೆಯಾದಂತಿತ್ತು. ಆಮೇಲೆ ಹೈಕೆಯ ಕಡೆ, ಅವಳ ಕೈಯ ಗುಲಾಬಿಯ ಕಡೆ, ದೂರದ ಕಲ್ಲಿನ ಕಡೆ ನೋಡಿದಳು. ನಿಧಾನವಾಗಿ ಎದ್ದು ನಿಂತಳು. “ಒಂದ್ನಿಮಿಷ. ನನ್ನನ್ನ ಎಲ್ಲಿ ಮಲಗಿಸಿದ್ದೀಯ ನೀನು?”

ನೈಜೆಲ್ ಆಗ್ನೆಸಳ ಕಲ್ಲಿನ ಕಡೆ ಕಣ್ಣು ಹೊರಳಿಸಿದ.

“ಆಗ್ನೆಸ್ ಜೊತೆ? ಸಾಯಿಸಿದ್ದಕ್ಕೆ ನಾನೇನೂ ಅನ್ನಲಿಲ್ಲ ನೈಜೆಲ್. ಆದ್ರೆ ಆಗ್ನೆಸ್ ಜೊತೆ! ಅವಳ ಅಡುಗೆಮನೆಯಿಂದ ಆಚೆ ಬರೋಕೆ ನಂಗೆ ಎರಡು ವರ್ಷ ಹಿಡೀತು, ನೀನು ಕಡೇ ತೀರ್ಪಿನ ದಿನದವರೆಗೂ ವಾಪಸ್ ಕಳಿಸಿದ್ಯಲ್ಲೋ!”

ಹೈಕೆ ಅಳುತ್ತಿದ್ದಳೋ ನಗುತ್ತಿದ್ದಳೋ, ಕಣ್ಣಿನ ಕಪ್ಪು ಕೆನ್ನೆಗಿಳಿದಿತ್ತು. “ಅಜ್ಜಿ, ನಾನು ಒಂಬತ್ತು ವರ್ಷದಿಂದ ಆ ಕಲ್ಲು ತಿಕ್ಕಿದ್ದೀನಿ.”

“ನಾನು ಹೇಳಿದ್ನಲ್ಲಮ್ಮ, ಅವಳು ಒಳ್ಳೆಯವಳಲ್ಲ ಅಂತ.”

ನಗು ಇಳಿದ ಮೇಲೆ ಮೇವಿಸಕ್ಕ ಮಗನ ಕೋಟಿನ ಕಾಲರ್ ಸರಿಮಾಡಿದಳು. ದನಿ ಬೇರೆಯಾಗಿತ್ತು. “ಅಲ್ಲ ಮಗಾ, ದುಃಖ ಎಲ್ಲಿಂದ ಬಂತು ಅಂತ ಕೇಳಿದ್ರೆ ನನ್ನ ಯಾಕೆ ಸಾಯಿಸಬೇಕಿತ್ತು? ನಿಮ್ಮಪ್ಪ ನಿಜವಾಗ್ಲೂ ಸತ್ತಿದ್ನಲ್ಲೋ. ಅದನ್ನೇ ಹೇಳಬಹುದಿತ್ತು.”

ಮೇವಿಸಕ್ಕನ ಗಂಡ ವಿಲ್ಫ್ರೆಡ್ ಬಟ್ಟೆಗೆ ಬಣ್ಣ ಹಾಕುವ ಗಿರಣಿಯಲ್ಲಿ ಕೆಲಸಕ್ಕಿದ್ದ. ನೈಜೆಲನಿಗೆ ಹದಿನೈದಿದ್ದಾಗ ಗಿರಣಿಯ ಅಂಗಳದಲ್ಲಿ ಕುಸಿದವನು ಏಳಲಿಲ್ಲ. ಹುಡುಗ ಅಪ್ಪನನ್ನು ಮಣ್ಣು ಮಾಡಿದ ದಿನ ಈ ಚರ್ಚಿನಿಂದ ಹೊರಗೆ ಹೋದವನು, ಹೊಗೆಯ ಯಂತ್ರದ ದಿನವೊಂದು ಬಿಟ್ಟರೆ, ಒಳಗೆ ಬಂದಿರಲಿಲ್ಲ.

“ಅದನ್ನ ಹೇಳೋಕೆ ಆಗ್ತಿರಲಿಲ್ಲ ಅಮ್ಮ” ಎಂದ ನೈಜೆಲ್. “ನಿನ್ನ ವಿಷಯ ಹೇಳೋದು ಸುಲಭ ಇತ್ತು. ಭಾನುವಾರ ಬಂದ್ರೆ ನೀನು ಇರ್ತಿದ್ದೆ.”

ಮೇವಿಸಕ್ಕ ತನ್ನ ಹೂಗೊಂಚಲನ್ನು ಬಿಚ್ಚಿ, ಅರ್ಧ ತಾನಿಟ್ಟುಕೊಂಡು, ಅರ್ಧ ಅವನಿಗೆ ಕೊಟ್ಟಳು.

ಟಾರ್ಕ್ವಿನ್ ಕೆಮ್ಮಿದ. “ಅಜ್ಜಿ, ತಪ್ಪು ತಿಳೀಬೇಡಿ. ಪುಸ್ತಿಕೆ ಅಚ್ಚಿಗೆ ಹೋಗೋಕೆ ರೆಡಿಯಿದೆ. ಅದರಲ್ಲಿ ನೀವು… ಇಲ್ಲ.”

“ಸ್ವಲ್ಪ ತಡ ಮಾಡಿ ಹಾಕಪ್ಪ. ನಂಗೆ ಎಂಬತ್ತಾರು. ತುಂಬ ದಿನ ಸುಳ್ಳಾಗಿ ಉಳಿಯಲ್ಲ.”

“ಬೇಡ, ತೆಗೀರಿ ಅದನ್ನ” ಎಂದ ನೈಜೆಲ್. ಅವನ ದನಿಯಲ್ಲಿ ಆಲೂಗಡ್ಡೆ ಇರಲಿಲ್ಲ. “ಕೊನೆ ಪುಟದಲ್ಲಿ ನಮ್ಮಪ್ಪನ ಹೆಸರು ಹಾಕಿ. ವಿಲ್ಫ್ರೆಡ್ ಸಗ್ಡನ್. ಅಷ್ಟು ಸಾಕು, ಕಥೆ ಬೇಡ.”

ತಾಯಿ ಮಗ ಇಬ್ಬರೂ ಗೋಡೆಯ ಮೂಲೆಯಲ್ಲಿದ್ದ ವಿಲ್ಫ್ರೆಡ್‌ನ ಸಣ್ಣ ಕಲ್ಲಿನ ಕಡೆ ನಡೆದರು. ಉಳಿದವರು ತಾವಾಗಿಯೇ ಹಿಂದೆ ನಿಂತರು, ಫೋಟೋದವನು ಕ್ಯಾಮೆರಾ ಇಳಿಸಿದ. ಆ ಜನ ತೊಟ್ಟ ಕಪ್ಪು ಬಟ್ಟೆ ಅವತ್ತು ಮೊದಲ ಸಲ ನನಗೆ ಸರಿಯಾಗಿ ಕಂಡಿತು. ಅವರನ್ನೆಲ್ಲ ಸಭಾಂಗಣಕ್ಕೆ ಕರೆದು ಆ ದಿನಕ್ಕೆಂದೇ ಮಾಡುವ ಸಿಮ್ನೆಲ್ ಕೇಕು ಕೊಟ್ಟೆವು. ಬಾದಾಮಿಯ ಹೂರಣ ಒಂದು ಚೂರೂ ಉಳಿಯಲಿಲ್ಲ.

ಆಲ್ಬಮ್ ಚಳಿಗಾಲಕ್ಕೆ ಮುಂಚೆ ಹೊರಬಂತು. ಭಕ್ತರಲ್ಲಿ ಕೆಲವರು ಮುನಿಸಿಕೊಂಡರಂತೆ, ಹೆಚ್ಚಿನವರು ಮುನಿಸಿಕೊಳ್ಳಲಿಲ್ಲ. ಒಂದು ಭಾನುವಾರ ಊಟದ ಮೇಲೆ ನೈಜೆಲ್ ಅದನ್ನು ಹಾಕಿ, ಅಮ್ಮನ ಪಕ್ಕ ಕೂತು, ಮಾತುಗಳನ್ನು ಸಾಲುಸಾಲಾಗಿ ಅವಳ ಕಿವಿಗೆ ಬಿಡಿಸಿ ಹೇಳಿದನಂತೆ: ಮಂಜು, ಕಲ್ಲು, ತಾಯಿಯ ತಣ್ಣನೆಯ ಕೈ, ಎಲ್ಲ. ಮರುದಿನ ಹೂದಾನಿ ತೊಳೆಯುತ್ತ ನನಗೆ ವರದಿ ಒಪ್ಪಿಸಿದವಳು ಮೇವಿಸಕ್ಕನೇ.

“ಪೂರ್ತಿ ಕೇಳಿದೆ ಹ್ಯೂಬರ್ಟ್. ತುಂಬ ಅಳು ಬಂತು ಕಣೋ” ಎಂದಳು. “ಪಾಪ, ಎಷ್ಟು ಒಳ್ಳೆಯವಳಿದ್ಲು ಆ ಹೆಂಗಸು.”